ಟ್ರೆವಿಸ್: ಹಸು ಜಗ್ಗಿದಾಗ ಕುತ್ತಿಗೆ ಗೇಟಿನ ಪಿನ್ನು ಬಿಡಿಸಲು ಆಗುತ್ತಿಲ್ಲ

ಹಟ್ಟಿಮನೆ, ಸೋಮವಾರಪೇಟೆ ಕಡೆ:
ಎಲ್ಲರಿಗೂ ನಮಸ್ಕಾರ. ಇಂಜೆಕ್ಷನ್, ಗೊರಸು ಕತ್ತರಿಸುವುದು ಇಂಥದ್ದಕ್ಕೆಲ್ಲ ನಮ್ಮ ಕಡೆ ಇನ್ನೂ ದನವನ್ನು ಸಿಲ್ವರ್ ಓಕ್ ಮರಕ್ಕೆ ಬಿಗಿದು, ಇಬ್ಬರು ಮೂಗುದಾರ ಹಿಡಿದು, ಒಬ್ಬರು ಬಾಲ ತಿರುವಿ ನಿಲ್ಲಿಸುವುದೇ ಜಾಸ್ತಿ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯವರ ಕೈ ಹಗ್ಗಕ್ಕೂ ಮರಕ್ಕೂ ನಡುವೆ ಸಿಕ್ಕಿ ಎರಡು ಬೆರಳು ಮುರಿಯಿತು. ಅದನ್ನು ನೋಡಿದ ಮೇಲೆ ನಾನೇ ಒಂದು ಟ್ರೆವಿಸ್, ಅಂದರೆ ದನವನ್ನು ಅಲುಗದಂತೆ ನಿಲ್ಲಿಸುವ ಪೈಪಿನ ಚೌಕಟ್ಟು, ಮಾಡಲು ಶುರು ಮಾಡಿದೆ. 2 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಒಳಗಿನ ಅಗಲ ಎರಡೂವರೆ ಅಡಿ, ಮುಂದೆ ಕುತ್ತಿಗೆ ಹಿಡಿಯುವ ಗೇಟು. ಗೇಟಿನ ಒಂದು ಪೈಪು ಗಟ್ಟಿ ನಿಂತಿದೆ, ಇನ್ನೊಂದು ಬುಡದಲ್ಲಿ ಕೀಲಿನ ಮೇಲೆ ಆಡುತ್ತದೆ. ಹಸು ತಲೆ ಹಾಕಿದ ಕೂಡಲೇ ಅದನ್ನು ಎಳೆದು ಪಿನ್ನು ಹಾಕುವುದು.

ತೊಂದರೆ ಏನೆಂದರೆ, ಸುಮ್ನೆ ನಿಂತಿದ್ದಾಗ ಬೆರಳಲ್ಲೇ ಬರುವ ಪಿನ್ನು, ಹಸು ಗಾಬರಿಯಾಗಿ ಹಿಂದಕ್ಕೆ ಜಗ್ಗಿದಾಗ ಕಚ್ಚಿಕೊಂಡುಬಿಡುತ್ತದೆ. ಸುತ್ತಿಗೆ ಏಟು ಬೀಳದೆ ಬರುವುದಿಲ್ಲ, ಆ ಸದ್ದಿಗೆ ಹಸು ಇನ್ನೂ ಜಗ್ಗುತ್ತದೆ. ಗ್ರೀಸ್ ಹಾಕಿದೆ, ತೂತು ದೊಡ್ಡದು ಮಾಡಿದೆ, ಅಷ್ಟೇ. ಬಿಡಿಸಲೇಬೇಕಾದ ಹೊತ್ತಲ್ಲಿ ಬಿಡದ ಗೇಟಿಗೆ ನನ್ನ ಹಸುವನ್ನು ಮತ್ತೆ ಹಾಕಲು ಮನಸ್ಸಿಲ್ಲ.

ವೆಲ್ಡಿಂಗ್ ಶೆಡ್, ಕುಶಾಲನಗರ:
ಅಣ್ಣಾ, ಪಿನ್ನು ಎಷ್ಟು ಎತ್ತರದಲ್ಲಿದೆ?

ಹಟ್ಟಿಮನೆ:
ಕುತ್ತಿಗೆ ಮಟ್ಟಕ್ಕೇ, ನೆಲದಿಂದ ಮೂರು ಅಡಿ.

ವೆಲ್ಡಿಂಗ್ ಶೆಡ್:
ಹಾಗಾದರೆ ಹಸು ಒತ್ತಿದ್ದೆಲ್ಲ ನೇರ ಪಿನ್ನಿನ ಮೇಲೇ ಬೀಳುತ್ತದೆ. ಅದೇ ಪಿನ್ನು ಆರು ಅಡಿಯಲ್ಲಿದ್ದರೆ ಅರ್ಧ ಭಾರ ಕೀಲು ಹೊರುತ್ತದೆ. ಆದರೂ ಪಿನ್ನೇ ಬೇಡ ಅಂತೀನಿ. ಭಾರ ಹೆಚ್ಚಿದಷ್ಟೂ ತಿಕ್ಕಾಟ ಹೆಚ್ಚು, ನಮ್ಮ ಮಳೆಗೆ ತುಕ್ಕು ಬೇರೆ. ಎರಡು ಪಟ್ಟಿ ಜೋಡಿಸಿ ನಡುವೆ ಒಂದು ಕೀಲು ಕೊಡಿ, ಥೇಟ್ ನಮ್ಮ ಮೊಣಕಾಲಿನ ಹಾಗೆ. ಕಾಲು ನೆಟ್ಟಗೆ ಚಾಚಿದ್ದಾಗ ಎಷ್ಟು ಭಾರವನ್ನಾದರೂ ತಡೆಯುತ್ತದೆ, ಹಿಂದಿನಿಂದ ಒಂದು ತಟ್ಟು ತಟ್ಟಿದರೆ ಮಡಚಿಕೊಳ್ಳುತ್ತದೆ, ಅಲ್ವಾ? ಹಾಗೇ ಪಟ್ಟಿಗಳು ನೆಟ್ಟಗಾಗಿ ಒಂದು ಚೂರು ಆಚೆ ಹೋಗಿ ತಡೆಗೆ ಕೂರಬೇಕು. ಜಾಸ್ತಿ ಆಚೆ ಹೋದರೆ ಬಿಡಿಸುವುದು ಮತ್ತೆ ಕಷ್ಟ. ನಡುಗೀಲಿಗೆ ಹಗ್ಗ ಕಟ್ಟಿ ಪಕ್ಕಕ್ಕೆ ತನ್ನಿ, ದೂರ ನಿಂತು ಎಳೆಯಿರಿ. ಬಿಟ್ಟ ಪೈಪು ಚಾಟಿಯೇಟಿನಂತೆ ಬರುತ್ತದೆ, ಅದರ ದಾರಿಯಲ್ಲಿ ಯಾರೂ ನಿಲ್ಲಬಾರದು. ಇನ್ನೊಂದು, ಜಿಐ ಪೈಪಿಗೆ ವೆಲ್ಡಿಂಗ್ ಮಾಡುವ ಮೊದಲು ಆ ಜಾಗದ ಸತುವನ್ನು ಉಜ್ಜಿ ತೆಗೆಯಿರಿ. ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ದನದ ಡಾಕ್ಟರ್, ವಿರಾಜಪೇಟೆ:
ಪಿನ್ನಿನ ಬದಲು ಈ ಮೊಣಕಾಲಿನಂಥ ಅಗುಳಿ ಹಾಕಿದರೆ ಸರಿಹೋಗುತ್ತದೆ, ಆದರೆ ನನಗೆ ಭಯ ಇರುವುದು ಕೀಲಿನ ಜಾಗದ ಬಗ್ಗೆ. ಕೀಲು ಬುಡದಲ್ಲಿದ್ದರೆ ಪೈಪು ಮೇಲ್ಗಡೆ ತೆರೆಯುತ್ತದೆ, ಬುಡದ ಸಂದಿ ಇದ್ದಷ್ಟೇ ಇರುತ್ತದೆ. ಹಸು ಕುಸಿದು ಬಿದ್ದರೆ ಕುತ್ತಿಗೆ ಇರುವುದು ಬುಡದಲ್ಲೇ. ಮೇಲೆ ಅಗುಳಿ ಬಿಟ್ಟರೂ ಅದು ಉಸಿರುಗಟ್ಟಿ ಒದ್ದಾಡುತ್ತದೆ. ಗೇಟನ್ನು ತಲೆಕೆಳಗು ಮಾಡಿ: ಕೀಲು ಮೇಲೆ, ಈ ಮಡಚುವ ಅಗುಳಿ ಕೆಳಗೆ, ಕೆಸರು ತಾಗದಂತೆ ನೆಲದಿಂದ ಒಂದಡಿ ಎತ್ತರಕ್ಕೆ. ಪೈಪುಗಳು ನೇರ ಇರಲಿ. ಬಾಗಿಸಿದ ಪೈಪು ತಲೆಯನ್ನು ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ಹಸು ಕೂತರೆ ಗಂಟಲು ಒತ್ತುತ್ತದೆ.

ಮತ್ತೆ ನೆಲ. ದನಗಳು ಗಾಬರಿಯಾಗುವುದು ಮುಖ್ಯವಾಗಿ ಕಾಲು ಜಾರಿದಾಗ. ಕಾಂಕ್ರೀಟ್ ಹಸಿ ಇರುವಾಗಲೇ ಗೀರು ಹಾಕಿ, ಇಲ್ಲವೇ ರಬ್ಬರ್ ಮ್ಯಾಟ್ ಹಾಸಿ. ಹಿಂದಿನ ಅಡ್ಡಪೈಪು ಹಾಕುವಾಗ ಕೈಯನ್ನು ಪೈಪಿಗೂ ಕಂಬಕ್ಕೂ ನಡುವೆ ಇಡಬೇಡಿ. ಹಸು ಒಂದು ಹೆಜ್ಜೆ ಹಿಂದೆ ಬಂದರೆ ಮುಂಗೈ ಮುರಿಯುತ್ತದೆ.

ತೋಟದ ಮನೆ, ಪೊನ್ನಂಪೇಟೆ:
ನಿಮ್ಮಲ್ಲಿ ಸಣ್ಣ ಮೈಯ ಮಲೆನಾಡು ಗಿಡ್ಡ ತಳಿ ಇದ್ದರೆ ಎರಡೂವರೆ ಅಡಿ ಜಾಸ್ತಿಯಾಯಿತು, ಒಳಗೇ ತಿರುಗಿ ನಿಂತುಬಿಡುತ್ತದೆ. ದೊಡ್ಡ ಮೈಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಗೆ ಬಿಟ್ಟ ಸಂದಿಯಲ್ಲಿ ಗಿಡ್ಡದ ತಲೆಯೂ ಜಾರಿ ಆಚೆ ಬರುತ್ತದೆ. ಗಟ್ಟಿ ನಿಂತ ಪೈಪನ್ನು ಸರಿಸಿ ಕೂರಿಸಲು ಎರಡು ಮೂರು ತೂತು ಇಡಿ. ಆಮೇಲೆ, ದನ ಒಳಗೆ ಬರಲು ಹಟ ಮಾಡಿದರೆ ಹೊಡೆಯಬೇಡಿ. ಅದರ ಎತ್ತರಕ್ಕೆ ಬಗ್ಗಿ ದಾರಿ ನೋಡಿ. ದನಗಳ ನಡವಳಿಕೆ ಅಭ್ಯಾಸ ಮಾಡಿದ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರಾಂಡಿನ್ ಮಾಡಿದ್ದೂ ಅದನ್ನೇ, ದನ ನಡೆಯುವ ದಾರಿಯಲ್ಲಿ ತಾವೇ ಬಗ್ಗಿ ಹೋಗಿ ನೋಡಿದರು. ನಮ್ಮಲ್ಲಿ ತಗಡಿನ ಹೊಳಪು, ಓಕ್ ಮರದ ನೆರಳಿನ ಗೆರೆ, ಅಡ್ಡ ಚರಂಡಿ, ಇಷ್ಟೇ ಸಾಕು ಅದು ನಿಂತುಬಿಡಲು. ನೆರಳಿನ ಗೆರೆ ಅದಕ್ಕೆ ಗುಂಡಿಯಂತೆ ಕಾಣಬಹುದು.

ಹಟ್ಟಿಮನೆ:
ಎಲ್ಲ ಬದಲಾಯಿಸಿದೆ. ಕೀಲು ಮೇಲೆ, ಮಡಚುವ ಅಗುಳಿ ಕೆಳಗೆ. ದನ ಹಾಕುವ ಮೊದಲು ಪೈಪಿಗೆ ಹಗ್ಗ ಕಟ್ಟಿ ಮೂವರು ಜಗ್ಗಿ ಹಿಡಿದೆವು, ನಮ್ಮ ಅಮ್ಮ ಒಂದೇ ಕೈಯಲ್ಲಿ ಬಿಡಿಸಿದರು. ಪೈಪು ಬಡಿಯುವಲ್ಲಿ ಹಳೇ ಟೈರಿನ ತುಂಡು ಕಟ್ಟಿದ್ದೇನೆ, ಈಗ ಟಣ್ ಅನ್ನುವ ಸದ್ದೂ ಇಲ್ಲ. ನಿನ್ನೆ ಅತಿ ಪುಕ್ಕಲು ಹಸುವನ್ನೇ ಹಾಕಿದೆ. ಒಮ್ಮೆ ಜಗ್ಗಿತು, ಹಗ್ಗ ಎಳೆದೆ, ಬಿಟ್ಟಿತು. ಕಾಲುಬಾಯಿ ಲಸಿಕೆ ಹಾಕಲು ಬರುವುದರೊಳಗೆ ಅಳತೆ ಬೇಕಾದವರು ಕೇಳಿ, ಒಂದೊಂದು ಪೈಪಿನ ಉದ್ದವನ್ನೂ ಬರೆದು ಕೊಡುತ್ತೇನೆ.