ಮನೆ ಮಾಲೀಕರು ಗುತ್ತಿಗೆದಾರರಿಗೆ ಹಣ ಕೊಟ್ಟಾಗಿದೆ, ಟೈಲ್ಸ್ ಹಾಕಿದವರಿಗೆ ಬಂದಿಲ್ಲ: ಬಾಕಿಯನ್ನು ಯಾರನ್ನು ಕೇಳಬೇಕು?

ಗಾರೆಯವರ ಮಗ, ಮೈಸೂರು

ನಮ್ಮ ತಂದೆಯವರು 22 ವರ್ಷಗಳಿಂದ ಟೈಲ್ಸ್ ಮತ್ತು ಗ್ರಾನೈಟ್ ಹಾಕುವ ಕೆಲಸ ಮಾಡುತ್ತಿದ್ದಾರೆ. ಲೆಕ್ಕ ಬರೆಯುವುದು ನನ್ನ ಪಾಲಿಗೆ ಬಂದಿರುವುದರಿಂದ ಅವರ ಪರವಾಗಿ ನಾನೇ ಇಲ್ಲಿ ಕೇಳುತ್ತಿದ್ದೇನೆ. ಕಳೆದ ವರ್ಷ 40×60 ನಿವೇಶನದಲ್ಲಿ ಏಳುತ್ತಿದ್ದ 26 ಚದರದ (2,600 ಚದರಡಿ) ಮನೆಯೊಂದಕ್ಕೆ, ಒಬ್ಬ ಗುತ್ತಿಗೆದಾರರ ಕೈಕೆಳಗೆ ಬರೀ ಲೇಬರ್ ಕಾಂಟ್ರಾಕ್ಟ್ ಹಿಡಿದೆವು. ಸಾಮಾನು ಅವರದು, ಆಳು ನಮ್ಮದು. ದರವನ್ನು ಸೈಟಿನಲ್ಲೇ ನಿಂತು ಮಾತಿನಲ್ಲಿ ಒಪ್ಪಿಕೊಂಡದ್ದು. ಕಾಗದ ಪತ್ರ ಯಾವುದೂ ಇಲ್ಲ.

ನಮ್ಮ ಲೆಕ್ಕ ಹೀಗಿದೆ. ನೆಲದ ಟೈಲ್ಸ್ 2,300 ಚದರಡಿ, ಅಡಿಗೆ 30ರಂತೆ 69,000 ರೂಪಾಯಿ. ಬಚ್ಚಲುಮನೆಗಳ ಗೋಡೆ 820 ಚದರಡಿ, 40ರಂತೆ 32,800. ಸ್ಕರ್ಟಿಂಗ್ (ಗೋಡೆಯ ಬುಡಕ್ಕೆ ಹಾಕುವ ಪಟ್ಟಿ) 640 ರನ್ನಿಂಗ್ ಅಡಿ (ಬರೀ ಉದ್ದದ ಅಳತೆ), 15ರಂತೆ 9,600. ಗ್ರಾನೈಟಿನ 40 ಮೆಟ್ಟಿಲು, ಒಂದಕ್ಕೆ 700ರಂತೆ 28,000. ಹಾಲಿನಲ್ಲಿ ಹಾಕಿ ಮುಗಿಸಿದ್ದ ಟೈಲ್ಸ್‌ನ ಬಣ್ಣ ಹಿಡಿಸಲಿಲ್ಲವೆಂದು 310 ಚದರಡಿಯನ್ನು ಕಿತ್ತು ಹೊಸದಾಗಿ ಹಾಕಿಸಿದರು. ಅದಕ್ಕೆ 45ರಂತೆ 13,950. ಒಟ್ಟು 1,53,350 ರೂಪಾಯಿ. ನಮಗೆ ಬಂದಿರುವುದು 80,000.

ಗುತ್ತಿಗೆದಾರರು ನೆಲ 2,120 ಚದರಡಿ ಮಾತ್ರ ಎನ್ನುತ್ತಾರೆ. ಸ್ಕರ್ಟಿಂಗನ್ನು ನಾಲ್ಕು ಇಂಚಿನ ಪಟ್ಟಿಯೆಂದು ಚದರಡಿಗೆ ಇಳಿಸಿ 6,400 ಕಟ್ಟುತ್ತಾರೆ. ಕಿತ್ತು ಹಾಕಿದ ಕೆಲಸ ತಮಗೆ ಗೊತ್ತೇ ಇಲ್ಲವಂತೆ. ಕೆಲವು ಟೈಲ್ಸ್ ಟೊಳ್ಳು ಸದ್ದು ಮಾಡುತ್ತವೆಂದು 8,000 ಮುರಿದುಕೊಂಡಿದ್ದಾರೆ. ಹಾಗಾಗಿ 42,800 ರೂಪಾಯಿ ಕೊಡಬೇಕಾಗಿದೆ ಎಂದು ಒಪ್ಪುತ್ತಾರೆ, ಆದರೆ ಅದನ್ನೂ ಮಾಲೀಕರಿಂದ ಕೊನೆಯ ಬಿಲ್ ಬಂದ ಮೇಲೆ ಕೊಡುತ್ತಾರಂತೆ. ಮಾಲೀಕರನ್ನು ಕೇಳಿದರೆ, ಶೇಕಡಾ 95 ಭಾಗ ಕೊಟ್ಟಾಗಿದೆ, ಉಳಿದದ್ದು ಗುತ್ತಿಗೆದಾರರಿಗೂ ತಮಗೂ ಬಿಟ್ಟ ವಿಷಯ ಎನ್ನುತ್ತಾರೆ. ಗೃಹಪ್ರವೇಶ ಮುಗಿದು ಏಳು ತಿಂಗಳಾಯಿತು. ನಮ್ಮನ್ನೂ ಕರೆದಿದ್ದರು, ಅಪ್ಪ ತಾವೇ ಹಾಕಿದ ನೆಲದ ಮೇಲೆ ಎಲೆ ಹಾಕಿಸಿಕೊಂಡು ಉಂಡು ಬಂದರು, ಅಲ್ಲಿ ಹಣದ ಮಾತೆತ್ತುವುದು ಸರಿಯಲ್ಲವೆಂದು ಸುಮ್ಮನಿದ್ದರು.

ಮನೆ ಕಟ್ಟಿ ನೋಡಿದವ

ನಿಮ್ಮ ತಂದೆಯವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಇಲ್ಲಿ ಮಾಲೀಕರನ್ನು ಎಳೆಯುವುದು ನ್ಯಾಯವಲ್ಲ. ನಾನು ಮನೆ ಕಟ್ಟಿಸಿದಾಗ ಬ್ಯಾಂಕು ಪಾಯಕ್ಕೆ ಇಷ್ಟು, ಮೋಲ್ಡಿಗೆ ಇಷ್ಟು ಎಂದು ಹಂತಹಂತವಾಗಿ ಸಾಲ ಬಿಡುಗಡೆ ಮಾಡಿತು, ನಾನು ಅದೇ ಹಂತಗಳಲ್ಲಿ ಗುತ್ತಿಗೆದಾರರಿಗೆ ಕೊಟ್ಟೆ. ಅವರು ಆ ಹಣವನ್ನು ಸೆಂಟ್ರಿಂಗಿನವರಿಗೆ ಕೊಟ್ಟರೋ, ಇನ್ನೊಂದು ಸೈಟಿನ ಸಿಮೆಂಟಿಗೆ ಸುರಿದರೋ ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಒಬ್ಬರು ಮೀಟರ್ ಬೋರ್ಡಿನ ಮುಂದೆ ಕುಳಿತು, ಹಣ ಕೊಡದೆ ಸಂಪರ್ಕ ಕೊಡುವುದಿಲ್ಲ ಎಂದಾಗ 18,000 ರೂಪಾಯಿಯನ್ನು ಎರಡನೆಯ ಸಲ ತೆತ್ತೆ. ಒಂದೇ ಕೆಲಸಕ್ಕೆ ಎರಡು ಬಾರಿ ತೆರುವುದು ಯಾವ ಧರ್ಮ?

ಕಂತ್ರಾಟುದಾರ, ಹುಬ್ಬಳ್ಳಿ

ಎಲ್ಲರೂ ಗುತ್ತಿಗೆದಾರನನ್ನೇ ಕಳ್ಳನೆಂದು ಮೊದಲೇ ತೀರ್ಮಾನಿಸಿದಂತಿದೆ, ಆದ್ದರಿಂದ ಮಧ್ಯದಲ್ಲಿ ನಿಂತವನ ಪಾಡನ್ನೂ ಬರೆಯುತ್ತೇನೆ. ಪ್ರತಿ ಶನಿವಾರ ಸಂಜೆ ಬಟವಾಡೆ ಆಗಲೇಬೇಕು. ಮಾಲೀಕರ ಕಂತು ಬಂದಿರಲಿ ಬಿಡಲಿ, ಕೂಲಿಯವರು ಸೋಮವಾರ ಬರಬೇಕಾದರೆ ಕೈಸಾಲ ಮಾಡಿಯಾದರೂ ಎಣಿಸಬೇಕು. ಸಿಮೆಂಟು, ಕಬ್ಬಿಣದ ಅಂಗಡಿಯವರಿಗೆ ತಡಮಾಡಿದರೆ ಮುಂದಿನ ಲೋಡು ಬರುವುದಿಲ್ಲ. ಹೀಗಾಗಿ ತಡೆದುಕೊಳ್ಳಬಲ್ಲವರು ಎಂದು ನಮಗೆ ಕಾಣುವವರು ತುಂಡು ಗುತ್ತಿಗೆಯ ಮೇಸ್ತ್ರಿಗಳೇ, ಮತ್ತು ನಾವು ಅವರ ಹಣವನ್ನೇ ಹಿಂದಕ್ಕೆ ತಳ್ಳುತ್ತೇವೆ. ಇದು ಸರಿಯೆಂದು ನಾನು ಹೇಳುತ್ತಿಲ್ಲ, ನಡೆಯುವುದು ಹೀಗೆ.

ಇನ್ನೊಂದು ಮಾತು. ಮಾಲೀಕರು ಸಂಜೆ ಸೈಟಿಗೆ ಬಂದು ನೇರವಾಗಿ ಮೇಸ್ತ್ರಿಗೆ ಅದನ್ನು ಸರಿಸಿ, ಇದನ್ನು ಕೀಳಿ ಎಂದು ಹೇಳಿ ಹೋಗುತ್ತಾರೆ. ಮೇಸ್ತ್ರಿ ಮಾಡುತ್ತಾನೆ, ನನಗೆ ಹೇಳುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಅದು ನನ್ನ ತಲೆಗೆ ಬರುತ್ತದೆ. ಹಾಲಿನ ಟೈಲ್ಸ್ ಕೀಳಲು ಹೇಳಿದವರು ಯಾರೆಂಬುದನ್ನು ತಮ್ಮ ಲೆಕ್ಕದಲ್ಲಿ ತಾವು ಬರೆದಿಲ್ಲ.

ಬಿಸಿರಕ್ತ

ಇಷ್ಟೆಲ್ಲ ಲೆಕ್ಕ ಏಕೆ? ಒಂದು ಭಾನುವಾರ ಹೋಗಿ ಮೆಟ್ಟಿಲಿನ ಗ್ರಾನೈಟ್ ಕಿತ್ತುಕೊಂಡು ಬನ್ನಿ, ಹಣ ತಾನಾಗಿ ಬರುತ್ತದೆ. ಇಲ್ಲವೇ ರೇರಾಕ್ಕೆ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ) ದೂರು ಕೊಡಿ.

ಸಿವಿಲ್ ವಕೀಲ

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಮೆಟ್ಟಿಲಿಗೆ ಅಂಟಿಸಿದ ಕಲ್ಲು ಈಗ ಮನೆಯ ಭಾಗ. ಅದನ್ನು ಕೀಳಲು ಹೋದರೆ ಅತಿಕ್ರಮ ಪ್ರವೇಶ ಮತ್ತು ಆಸ್ತಿಹಾನಿಯ ಕ್ರಿಮಿನಲ್ ಪ್ರಕರಣ ನಿಮ್ಮ ತಂದೆಯವರ ಮೇಲೆಯೇ ದಾಖಲಾಗುತ್ತದೆ, ಬಾಕಿ ಕೇಳುವವರು ಆರೋಪಿಯಾಗಿ ನಿಲ್ಲಬೇಕಾಗುತ್ತದೆ. ರೇರಾ ಇರುವುದು ಮನೆ ಕೊಂಡವರಿಗಾಗಿ. ಉಪಗುತ್ತಿಗೆದಾರರ ಬಾಕಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಮಾತಿನ ಒಪ್ಪಂದವೂ ಒಪ್ಪಂದವೇ, ಅದನ್ನು ಸಾಬೀತುಪಡಿಸುವುದಷ್ಟೇ ಕಷ್ಟ. ದರವೇ ಸಾಬೀತಾಗದಿದ್ದರೂ 1872ರ ಭಾರತೀಯ ಕರಾರು ಕಾಯಿದೆಯ 70ನೆಯ ಕಲಮಿನ ಪ್ರಕಾರ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಮಾಡಿದ ಕೆಲಸದ ಪ್ರಯೋಜನವನ್ನು ಪಡೆದವರು ಅದಕ್ಕೆ ತಕ್ಕ ಪರಿಹಾರ ಕೊಡಬೇಕು. ಇದು ಗುತ್ತಿಗೆದಾರರ ವಿರುದ್ಧ ನಿಮ್ಮ ಕೈಯಲ್ಲಿರುವ ಗಟ್ಟಿ ನೆಲೆ. ಮಾಲೀಕರ ವಿರುದ್ಧ ಅದೇ ವಾದವನ್ನು ಹೂಡಬಹುದೆಂದು ಕೆಲವರು ಹೇಳುತ್ತಾರೆ. ಆದರೆ ನಿಮಗೂ ಅವರಿಗೂ ನಡುವೆ ಕರಾರಿಲ್ಲ, ಆ ಕೆಲಸದ ಹಣವನ್ನು ಅವರು ಗುತ್ತಿಗೆದಾರರಿಗೆ ಆಗಲೇ ಕೊಟ್ಟಿದ್ದಾರೆ, ಆದ್ದರಿಂದ ಅದು ನಿಲ್ಲುವುದು ಬಹಳ ಕಷ್ಟ.

ಕಿತ್ತು ಹಾಕಿದ 310 ಚದರಡಿಯ ಮಾತು ಮಾತ್ರ ಬೇರೆ. ಹುಬ್ಬಳ್ಳಿಯವರು ಕೇಳಿದ ಪ್ರಶ್ನೆಯೇ ನನ್ನದೂ: ಕೀಳಲು ಹೇಳಿದವರು ಯಾರು, ಯಾವಾಗ, ಯಾವ ರೀತಿಯಲ್ಲಿ?

ಗಾರೆಯವರ ಮಗ, ಮೈಸೂರು

ಅಪ್ಪನನ್ನು ಕೇಳಿದೆ. ಹೇಳಿದವರು ಮನೆಯ ಮಾಲೀಕರೇ. ಗುತ್ತಿಗೆದಾರರು ಆ ವಾರ ಸೈಟಿಗೆ ಬಂದಿರಲಿಲ್ಲವಂತೆ. ಅಪ್ಪನ ಫೋನಿನ ವಾಟ್ಸಾಪ್‌ನಲ್ಲಿ ಮಾಲೀಕರ ಧ್ವನಿಸಂದೇಶವೊಂದು ಸಿಕ್ಕಿತು. ‘ಮೇಸ್ತ್ರಿಯವರೇ, ಹಾಲಿನದು ಬೇಡ, ತೆಗೆದುಬಿಡಿ, ಹೊಸ ಬಾಕ್ಸು ನಾಳೆ ಬರುತ್ತದೆ, ಕೂಲಿ ಏನಾಗುತ್ತದೋ ನೋಡೋಣ’ ಎಂದಿದ್ದಾರೆ. ನಾನು ಇದನ್ನು ಇಂದಿನವರೆಗೆ ಕೇಳಿರಲೇ ಇಲ್ಲ.

ಸಿವಿಲ್ ವಕೀಲ

ಹಾಗಾದರೆ ನಿಮ್ಮ ಕೈಯಲ್ಲಿ ಒಂದಲ್ಲ, ಎರಡು ವ್ಯಾಜ್ಯಗಳಿವೆ, ನೀವು ಅವೆರಡನ್ನೂ ಒಂದೇ ಬಿಲ್ಲಿನಲ್ಲಿ ಹೊಲಿದಿದ್ದೀರಿ. 13,950 ರೂಪಾಯಿಯ ಕೆಲಸವನ್ನು ಮಾಡಿಸಿಕೊಂಡವರು ಮಾಲೀಕರು, ಅದನ್ನು ಅವರನ್ನೇ ಕೇಳಿ. ಉಳಿದದ್ದು ಗುತ್ತಿಗೆದಾರರದು. ಆ ಸಂದೇಶವನ್ನು ಅಳಿಸಬೇಡಿ, ಫೋನನ್ನೂ ಬದಲಾಯಿಸಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಪ್ರಮಾಣಪತ್ರದೊಡನೆ ಅದನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಬಹುದು. ಹಣ ಕೊಡುವ ಕಾಲ ನಿಗದಿಯಾಗದ ಕೆಲಸಕ್ಕೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಗುತ್ತಿಗೆದಾರರು ಬಾಕಿಯನ್ನು ಒಪ್ಪಿ ಒಂದು ಸಾಲು ಬರೆದು ಸಹಿ ಹಾಕಿದರೆ ಆ ದಿನದಿಂದ ಮೂರು ವರ್ಷ ಹೊಸದಾಗಿ ಎಣಿಕೆಯಾಗುತ್ತದೆ. ಆ ಸಹಿಯನ್ನು ಮೊದಲು ಪಡೆಯಿರಿ.

ನಿಮ್ಮ ತಂದೆಯವರು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ನೋಂದಣಿ) ಮಾಡಿಸಿದ್ದಾರೆಯೇ? 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಕಾಯಿದೆಯಡಿ ಬಾಕಿಯನ್ನು 45 ದಿನಗಳಿಗಿಂತ ಹೆಚ್ಚು ಹಿಡಿದಿಡುವಂತಿಲ್ಲ. ಹಿಡಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕೆಲಸಕ್ಕೆ ಮೊದಲೇ ನೋಂದಣಿ ಇರಬೇಕೆಂದು ಸುಪ್ರೀಂ ಕೋರ್ಟು 2021ರಲ್ಲಿ ಹೇಳಿದೆ, ಆ ಪ್ರಶ್ನೆ 2025ರಲ್ಲಿ ವಿಸ್ತೃತ ಪೀಠಕ್ಕೆ ಹೋಗಿದೆ. ಈ ಬಾಕಿಗೆ ಅದನ್ನು ನಂಬಿಕೊಳ್ಳಬೇಡಿ, ಮುಂದಿನ ಕೆಲಸಕ್ಕಾದರೂ ನೋಂದಣಿ ಮಾಡಿಸಿ. ಅದಕ್ಕೆ ಶುಲ್ಕವಿಲ್ಲ.

ಕ್ಯಾಲಿಫೋರ್ನಿಯಾ ಕನ್ನಡತಿ

ನಾನಿರುವಲ್ಲಿ ಈ ಪ್ರಶ್ನೆಗೆ ಉತ್ತರ ತಲೆಕೆಳಗಾಗಿದೆ. ಮಾಲೀಕರೊಡನೆ ನೇರ ಕರಾರಿಲ್ಲದ ಉಪಗುತ್ತಿಗೆದಾರರು ಕೆಲಸ ಶುರುವಾದ 20 ದಿನಗಳೊಳಗೆ ಮಾಲೀಕರಿಗೆ ಒಂದು ಪೂರ್ವಸೂಚನೆ ಕಳುಹಿಸುತ್ತಾರೆ. ಹಣ ಬಾರದಿದ್ದರೆ, ಸಾಮಾನ್ಯವಾಗಿ ಕೆಲಸ ಮುಗಿದ 90 ದಿನಗಳೊಳಗೆ, ಕೌಂಟಿಯ ನೋಂದಣಿ ಕಚೇರಿಯಲ್ಲಿ ಆ ಮನೆಯ ಮೇಲೆ ‘ಮೆಕ್ಯಾನಿಕ್ಸ್ ಲೀನ್’ ಎಂಬ ಹಕ್ಕನ್ನು ದಾಖಲಿಸಬಹುದು. ಅದು ಇರುವವರೆಗೆ ಮನೆ ಮಾರುವುದೂ ಹೊಸ ಸಾಲ ಪಡೆಯುವುದೂ ಕಷ್ಟ. ನಮ್ಮ ಅಡುಗೆಮನೆಯನ್ನು ಹೊಸದಾಗಿ ಮಾಡಿಸಿದಾಗ ಟೈಲ್ಸ್‌ನವರಿಂದ ಅಂಥ ಸೂಚನೆ ಅಂಚೆಯಲ್ಲಿ ಬಂದದ್ದನ್ನು ನೋಡಿ, ಯಾರೋ ದಾವೆ ಹೂಡಿದರೆಂದು ನಾನು ಗಾಬರಿಯಾಗಿದ್ದೆ. ಆಮೇಲೆ ತಿಳಿಯಿತು, ಅದು ವಾಡಿಕೆ. ಪ್ರತಿ ಕಂತು ಕೊಡುವಾಗ ಅವರಿಂದ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಕರ್ನಾಟಕದಲ್ಲಿಯೂ ಇಂಥ ಕಾನೂನು ಬಂದರೆ ಮೇಸ್ತ್ರಿಗಳು ಹೀಗೆ ಅಲೆಯಬೇಕಾಗಿಲ್ಲ.

ಮನೆ ಕಟ್ಟಿ ನೋಡಿದವ

ಅಂದರೆ ಗುತ್ತಿಗೆದಾರ ಮುಳುಗಿಸಿದರೆ ಮಾಲೀಕನ ಮನೆಯೇ ಒತ್ತೆ. ಜೀವಮಾನದಲ್ಲಿ ಒಂದೇ ಮನೆ ಕಟ್ಟಿಸುವ ನಿವೃತ್ತ ಶಿಕ್ಷಕರಿಗೆ ಆ ಪತ್ರ, ಈ ಸಹಿ ಯಾರು ಹೇಳಿಕೊಡುತ್ತಾರೆ, ಅಕ್ಕ? ನಮ್ಮಲ್ಲಿ ಖಾತೆ, ನಕ್ಷೆ ಎಂದು ಓಡಾಡುವುದರಲ್ಲೇ ಚಪ್ಪಲಿ ಸವೆಯುತ್ತದೆ. ಆದರೂ ಒಂದನ್ನು ಒಪ್ಪುತ್ತೇನೆ: ಆ ಎಲೆಕ್ಟ್ರಿಷಿಯನ್‌ಗೆ ಎಷ್ಟು ಬಾಕಿಯಿದೆಯೆಂದು ಕೊನೆಯ ಕಂತಿಗೆ ಮೊದಲು ನಾನು ಒಂದು ಮಾತು ಕೇಳಿದ್ದರೆ 18,000 ಉಳಿಯುತ್ತಿತ್ತು.

ಸೈಟ್ ಎಂಜಿನಿಯರ್

ಕಾನೂನಿನ ಮಾತು ಸಾಕಷ್ಟಾಯಿತು, ನಾನು ಟೇಪಿನ ಮಾತನ್ನು ಆಡುತ್ತೇನೆ. ನೆಲದ ಅಳತೆಯಲ್ಲಿ 180 ಚದರಡಿ ವ್ಯತ್ಯಾಸವೆಂದರೆ ಅದು ಕಣ್ಣಳತೆಯ ತಪ್ಪಲ್ಲ, ಯಾವುದೋ ಜಾಗವನ್ನೇ ಒಬ್ಬರು ಹಿಡಿದು ಇನ್ನೊಬ್ಬರು ಬಿಟ್ಟಿದ್ದಾರೆ. ನನ್ನ ಅನುಭವದಲ್ಲಿ ಇದು ಅಡುಗೆಕಟ್ಟೆಯ ಕೆಳಗೆ, ವಾರ್ಡ್‌ರೋಬ್ ಕೂರುವ ಜಾಗದಲ್ಲಿ ಮತ್ತು ಬಾಲ್ಕನಿಯಲ್ಲಿ ಆಗುತ್ತದೆ. ಗುತ್ತಿಗೆದಾರರು ವಾರ್ಡ್‌ರೋಬ್ ಕೂತ ಮೇಲೆ ಕಾಣುವ ನೆಲವನ್ನಷ್ಟೇ ಅಳೆಯುತ್ತಾರೆ. ಮೇಸ್ತ್ರಿಗಳು ಟೈಲ್ಸ್ ತಂದ ಬಾಕ್ಸುಗಳನ್ನು ಎಣಿಸಿ ಕತ್ತರಿಸಿ ಬಿಸಾಡಿದ ಚೂರುಗಳನ್ನೂ ಸೇರಿಸುತ್ತಾರೆ. ಎರಡೂ ತಪ್ಪು. ಹಾಕಿದ ನೆಲವನ್ನು ಅಳೆಯಬೇಕು, ಹಾಕಿದ ದಿನವೇ ಅಳೆಯಬೇಕು. ಸ್ಕರ್ಟಿಂಗನ್ನು ನಾನು ಕಂಡ ಸೈಟುಗಳಲ್ಲೆಲ್ಲ ರನ್ನಿಂಗ್ ಅಡಿಯ ಲೆಕ್ಕದಲ್ಲೇ ಕೊಡುತ್ತಾರೆ, ಏಕೆಂದರೆ ನಾಲ್ಕು ಇಂಚಿನ ಪಟ್ಟಿಯನ್ನು ಕತ್ತರಿಸಿ ಅಂಚು ಉಜ್ಜಿ ಕೂರಿಸುವ ಶ್ರಮ ಚದರಡಿಗೆ ಸಿಗುವುದಿಲ್ಲ.

ಟೊಳ್ಳು ಸದ್ದಿನ ವಿಷಯದಲ್ಲಿ ಗುತ್ತಿಗೆದಾರರ ಮಾತಿಗೆ ಅರ್ಥವಿದೆ. ಟೈಲ್ಸ್‌ನ ಹಿಂಬದಿಗೆ ಗಾರೆ ಪೂರ್ತಿ ಹಿಡಿಯದಿದ್ದರೆ, ಭಾರ ಬಿದ್ದಾಗ ಮೂಲೆ ಒಡೆಯುತ್ತದೆ. ನಾಣ್ಯದಿಂದ ಒಂದೊಂದನ್ನೂ ತಟ್ಟಿ, ಸದ್ದು ಬೇರೆಯಾದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಎಣಿಸಿ. ಹತ್ತಿಪ್ಪತ್ತು ಇದ್ದರೆ ನಿಮ್ಮ ತಂದೆಯವರೇ ತೆಗೆದು ಹಾಕಿಕೊಡಲಿ. ಎಣಿಸದೆ ಉಂಡೆಯಾಗಿ 8,000 ಮುರಿಯುವುದನ್ನು ನಾನು ಒಪ್ಪುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, 42,800ಕ್ಕೆ ತಕರಾರೇ ಇಲ್ಲವಲ್ಲ. ತಕರಾರಿಲ್ಲದ ಹಣವನ್ನು ತಕರಾರಿರುವ ಹಣದ ಜೊತೆ ಕಟ್ಟಿಡುವುದು ಈ ಕಸುಬಿನ ಹಳೆಯ ಆಟ. ಮೊದಲು ಅದನ್ನು ಬಿಡಿಸಿಕೊಳ್ಳಿ.

ಕಂತ್ರಾಟುದಾರ, ಹುಬ್ಬಳ್ಳಿ

ಆಟವೆಂಬ ಮಾತು ಖಾರವಾಯಿತು, ಆದರೆ ಸುಳ್ಳಲ್ಲ. ನಾನೂ ಹಾಗೆ ಮಾಡಿದ್ದೇನೆ. ಮಾಲೀಕರು ನನ್ನ ಶೇಕಡಾ 5ನ್ನು ಒಂದು ಮಳೆಗಾಲ ಕಳೆಯಲಿ ಎಂದು ಹಿಡಿದಿಟ್ಟಾಗ, ಸೋರಿಕೆಗೂ ಟೈಲ್ಸ್‌ಗೂ ಸಂಬಂಧವಿಲ್ಲದಿದ್ದರೂ ಟೈಲ್ಸ್‌ನವರ ಹಣವನ್ನೂ ಅದೇ ಮಳೆಗಾಲದವರೆಗೆ ಹಿಡಿದಿದ್ದೇನೆ.

ಗಾರೆಯವರ ಮಗ, ಮೈಸೂರು (ಹದಿನೆಂಟು ದಿನಗಳ ನಂತರ)

ನಿಮ್ಮೆಲ್ಲರ ಸಲಹೆಯಂತೆ ಮಾಲೀಕರು ಮತ್ತು ಗುತ್ತಿಗೆದಾರರು ಇಬ್ಬರನ್ನೂ ಕೇಳಿಕೊಂಡು ಒಂದು ಭಾನುವಾರ ಒಟ್ಟಿಗೆ ಅಳೆದೆವು. ಎಂಜಿನಿಯರ್ ಸರ್ ಹೇಳಿದಂತೆಯೇ ಅಡುಗೆಕಟ್ಟೆ ಮತ್ತು ಎರಡು ವಾರ್ಡ್‌ರೋಬ್‌ಗಳ ಕೆಳಗಿನ ಜಾಗವನ್ನು ಅವರು ಬಿಟ್ಟಿದ್ದರು. ನಾವು ಚೂರುಗಳನ್ನು ಸೇರಿಸಿದ್ದೆವು. ನೆಲ 2,245 ಚದರಡಿ ಎಂದಾಯಿತು. ಸ್ಕರ್ಟಿಂಗ್ ರನ್ನಿಂಗ್ ಅಡಿಗೆ ಒಪ್ಪಿದರು. ನಾಣ್ಯ ತಟ್ಟಿದಾಗ ಒಂಬತ್ತು ಟೈಲ್ಸ್ ಟೊಳ್ಳೆಂದು ಗೊತ್ತಾಯಿತು. ಅದರಲ್ಲಿ ಆರು ಒಂದೇ ಕೋಣೆಯಲ್ಲಿದ್ದವು; ಆ ದಿನ ತಾನು ಬಾರದೆ ಹೊಸ ಹುಡುಗನನ್ನು ಕಳುಹಿಸಿದ್ದೆನೆಂದು ಅಪ್ಪ ಒಪ್ಪಿಕೊಂಡರು. ಅವನ್ನು ಕೂಲಿ ಕೇಳದೆ ಹಾಕಿಕೊಟ್ಟಿದ್ದೇವೆ.

ಮಾಲೀಕರಿಗೆ ಅವರದೇ ಧ್ವನಿಸಂದೇಶವನ್ನು ಕೇಳಿಸಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ 10,000 ಕೊಟ್ಟರು. ಉಳಿದ 3,950ನ್ನು ಅಪ್ಪ ಬಿಟ್ಟುಕೊಟ್ಟರು, ನನಗೆ ಮನಸ್ಸಿರಲಿಲ್ಲ. ಗುತ್ತಿಗೆದಾರರ ಕಡೆಯ ಲೆಕ್ಕ 1,37,750 ಎಂದಾಗಿ, ಕೊಟ್ಟಿದ್ದ 80,000 ಕಳೆದು 57,750 ನಿಂತಿತು. ಅದರಲ್ಲಿ 30,000 ಬ್ಯಾಂಕ್ ಖಾತೆಗೆ ಬಂದಿದೆ. ಉಳಿದ 27,750ಕ್ಕೆ ಮುಂದಿನ ತಿಂಗಳ 10ನೆಯ ತಾರೀಖಿನ ಚೆಕ್ ಕೊಟ್ಟು, ಅಳತೆಯ ಹಾಳೆಯ ಮೇಲೆ ಸಹಿಯನ್ನೂ ಹಾಕಿದ್ದಾರೆ.

ಸಿವಿಲ್ ವಕೀಲ

ಚೆಕ್ಕಿನ ಮೇಲಿರುವ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ, ‘ಇನ್ನೊಂದು ವಾರ ತಡೆಯಿರಿ’ ಎಂಬ ಫೋನಿಗೆ ಕಿವಿಗೊಟ್ಟು ಆ ಅವಧಿಯನ್ನು ಮೀರಿಸಬೇಡಿ. ಹಣವಿಲ್ಲವೆಂದು ವಾಪಸು ಬಂದರೆ ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ಬರಹದಲ್ಲಿ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನಗಳಲ್ಲಿ ಅವರು ಹಣ ಕೊಡದಿದ್ದರೆ, ಅದರ ನಂತರದ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೆಯ ಕಲಮಿನಡಿ ದೂರು ಸಲ್ಲಿಸಬೇಕು. ಸಹಿ ಹಾಕಿದ ಹಾಳೆಯ ಫೋಟೊ ತೆಗೆದು ಇಟ್ಟುಕೊಳ್ಳಿ.

ಗಾರೆಯವರ ಮಗ, ಮೈಸೂರು

ತೆಗೆದಿದ್ದೇನೆ ಸರ್. ಚೆಕ್ಕನ್ನು ಅಪ್ಪ ದೇವರ ಪಟದ ಹಿಂದೆ ಇಟ್ಟಿದ್ದಾರೆ. 10ನೆಯ ತಾರೀಖು ಭಾನುವಾರ, 11ರಂದು ಬೆಳಗ್ಗೆ ಬ್ಯಾಂಕಿಗೆ ಹೋಗುತ್ತೇನೆ.