ಬೇರೆಯವರು ಬಿಟ್ಟುಹೋದ ಆಮೆ, ಕಣ್ಣು ಮುಚ್ಚಿದೆ, ಚಿಪ್ಪು ಮೆತ್ತಗಿದೆ: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ಪರಿಚಯದವರೊಬ್ಬರು ಮನೆ ಖಾಲಿ ಮಾಡುವಾಗ ತಮ್ಮ ಆಮೆಯನ್ನು ನನ್ನ ಕೈಗೆ ಕೊಟ್ಟು ಹೋದರು. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ, ಸ್ಲೈಡರ್ ಅನ್ನೋ ಜಾತಿಯ ನೀರಾಮೆ, ಅಂಗೈಯಗಲ ಇದೆ. ನಾಲ್ಕು ವರ್ಷ ಒಂದು ಪ್ಲಾಸ್ಟಿಕ್ ಟಬ್ಬಿನಲ್ಲೇ ಇತ್ತಂತೆ, ಹಾಕುತ್ತಿದ್ದದ್ದು ಬರೀ ಒಣ ಸೀಗಡಿ. ಎರಡೂ ಕಣ್ಣು ಊದಿ ಮುಚ್ಚಿಕೊಂಡಿವೆ. ಚಿಪ್ಪಿನ ಅಂಚು ಒತ್ತಿದರೆ ಬಗ್ಗುತ್ತೆ. ಹೊಟ್ಟೆಯ ಕಡೆ ಬೆಳ್ಳಗೆ ಒಂದು ಗುಳಿ, ಅಲ್ಲಿಂದ ಕೆಟ್ಟ ವಾಸನೆ. ಬಂದು ಎರಡು ದಿನವಾಯ್ತು, ಏನೂ ಮುಟ್ಟಿಲ್ಲ. ಸಾಕಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ 1:
ಇನ್ನೇನಾದರೂ ಮಾಡಿ, ತಿನ್ನಿಸೋದರಿಂದ ಮಾತ್ರ ಶುರು ಮಾಡಬೇಡಿ. ನಾನು ಆ ತಪ್ಪು ಮಾಡಿದವನು. ಇಂಥದೇ ಒಂದು ಆಮೆ ಮನೆಗೆ ಬಂದಾಗ, ಪಾಪ ಎಷ್ಟು ದಿನದ ಹಸಿವೋ ಅಂತ ಚಿಮಟದಲ್ಲಿ ಹಿಡಿದು ಹಿಡಿದು ಬಾಯಿಗಿಟ್ಟೆ. ಮೂರನೇ ದಿನ ಹಾಕಿದ್ದು ಹಾಕಿದ ಹಾಗೇ ಆಚೆ ಬಂತು, ಒಂದಿಷ್ಟೂ ಕರಗಿರಲಿಲ್ಲ. ಆಮೆಗೆ ನಮ್ಮ ಹಾಗೆ ಮೈಯೊಳಗೆ ಒಲೆ ಇಲ್ಲ, ಸುತ್ತಲಿನ ಬಿಸಿಯೇ ಅದರ ಮೈಬಿಸಿ. ತಣ್ಣಗಿದ್ದರೆ ಹೊಟ್ಟೆಯೂ ನಡೆಯಲ್ಲ, ರೋಗದ ವಿರುದ್ಧ ಹೋರಾಡೋ ಶಕ್ತಿಯೂ ಏಳಲ್ಲ, ಔಷಧಿ ಕೊಟ್ಟರೂ ಸರಿಯಾಗಿ ಹತ್ತಲ್ಲ.

ಹಾಗಾಗಿ ಮೊದಲು ಬಿಸಿ. ನೀರು 26ರಿಂದ 28 ಡಿಗ್ರಿ ಸೆಲ್ಸಿಯಸ್, ಮೇಲೆ ಹತ್ತಿ ಮೈ ಒಣಗಿಸಿಕೊಳ್ಳೋ ಜಾಗ 32ರಿಂದ 35. ಕೈ ಅದ್ದಿ ನೋಡಿ 'ಬೆಚ್ಚಗಿದೆ' ಅನ್ನಬೇಡಿ, ಥರ್ಮಾಮೀಟರ್ ಇಡಿ. ನೀರು ಚಿಪ್ಪು ಮುಳುಗುವಷ್ಟಿದ್ದರೆ ಸದ್ಯಕ್ಕೆ ಸಾಕು, ಕತ್ತೆತ್ತಿದರೆ ಮೂಗು ಮೇಲೆ ಬರಬೇಕು. ನೀರಿನ ಪ್ರಾಣಿ ಅಲ್ವಾ ಅಂತ ಜನ ತೊಟ್ಟಿ ತುಂಬಾ ತುಂಬಿಸ್ತಾರೆ. ಸುಸ್ತಾದ ಆಮೆ ನೀರಲ್ಲಿ ಮುಳುಗಿ ಸಾಯುತ್ತೆ. ಅದಕ್ಕೂ ಶ್ವಾಸಕೋಶವೇ ಇರೋದು, ಮೀನಲ್ಲ ಅದು.

ಚಿಪ್ಪು ಮೆತ್ತಗಾಗಿರೋದಕ್ಕೆ ಇನ್ನೊಂದು ದೀಪ ಬೇಕು. ಬಿಸಿ ಕೊಡೋ ಬಲ್ಬ್ ಬೇರೆ, ಯುವಿಬಿ (ಬಿಸಿಲಲ್ಲಿರೋ ಒಂದು ಬಗೆಯ ಅತಿನೇರಳೆ ಕಿರಣ) ಕೊಡೋ ದೀಪ ಬೇರೆ. ಯುವಿಬಿ ಬೆಳಕು ಬಿದ್ದರೆ ಚರ್ಮದಲ್ಲಿ ವಿಟಮಿನ್ ಡಿ3 ಆಗುತ್ತೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ಕಿಟಕಿ ಗಾಜಿನಿಂದ ಬರೋ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆದುಬಿಡುತ್ತೆ. ತೊಟ್ಟಿಯ ಮೇಲೆ ಗಾಜಿನ ಮುಚ್ಚಳ ಇದ್ದರೂ ಅದೇ ಕಥೆ. ದೀಪ ಉರೀತಿದ್ದರೂ ಅದರೊಳಗಿನ ಯುವಿಬಿ ತಿಂಗಳು ಕಳೆದ ಹಾಗೆ ಸತ್ತು ಹೋಗಿರುತ್ತೆ, ವರ್ಷಕ್ಕೊಮ್ಮೆಯಾದರೂ ಬದಲಿಸಿ. ಹಾಗಂತ ವಾರದಲ್ಲಿ ಚಿಪ್ಪು ಗಟ್ಟಿಯಾಗುತ್ತೆ ಅಂದುಕೊಳ್ಳಬೇಡಿ. ನನ್ನದಕ್ಕೆ ಏಳು ತಿಂಗಳು ಹಿಡೀತು. ಆಗಲೇ ಡೊಂಕಾಗಿದ್ದ ಹಿಂಭಾಗ ಕೊನೆಗೂ ನೆಟ್ಟಗಾಗಲಿಲ್ಲ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಕಣ್ಣಿನ ಬಗ್ಗೆ ನಾನು ಸೇರಿಸ್ತೀನಿ, ಯಾಕಂದ್ರೆ ನಿಮ್ಮ ಆಮೆ ತಿನ್ನದೇ ಇರೋದಕ್ಕೆ ಅದೂ ಕಾರಣ ಇರಬಹುದು. ಕಾಣದಿದ್ದರೆ ಸ್ಲೈಡರ್ ತಿನ್ನಲ್ಲ. ಒಂದೇ ಬಗೆಯ ಒಣ ಸೀಗಡಿ ತಿಂದು ಬೆಳೆದದ್ದರಲ್ಲಿ ವಿಟಮಿನ್ ಎ ಕೊರತೆ ಸಾಮಾನ್ಯ. ಕಣ್ಣಿನ ಸುತ್ತಲಿನ ಗ್ರಂಥಿಗಳು ಕಟ್ಟಿಕೊಂಡು ರೆಪ್ಪೆ ಊದುತ್ತೆ. ಗಲೀಜು ನೀರಿನಿಂದಲೂ ಊದುತ್ತೆ, ಎಷ್ಟೋ ಸಲ ಎರಡೂ ಸೇರಿರುತ್ತೆ. ಯಾವುದು ಅಂತ ಹೇಳೋದು ಸರೀಸೃಪಗಳನ್ನು ನೋಡಿ ಅಭ್ಯಾಸ ಇರುವ ಪಶುವೈದ್ಯರ ಕೆಲಸ. ನೀವಾಗಿ ವಿಟಮಿನ್ ಎ ಕೊಡಬೇಡಿ, ಹೆಚ್ಚಾದರೆ ಚರ್ಮ ಸುಲಿದು ಬರುತ್ತೆ.

ನಾನು ಮೊದಲು ಹೋದ ಡಾಕ್ಟ್ರು ನಾಯಿ, ಬೆಕ್ಕು ಮಾತ್ರ ನೋಡಿದವರು. ಹುಳುವಿಗೆ ಐವರ್ಮೆಕ್ಟಿನ್ ಹಾಕೋಣ ಅಂದರು. ಆಮೆಗಳಿಗೆ ಅದು ವಿಷ, ಸತ್ತೇ ಹೋಗುತ್ತವೆ. ಅದೃಷ್ಟಕ್ಕೆ ಅಷ್ಟೊತ್ತಿಗೆ ಯಾರೋ ನನಗೆ ಹೇಳಿದ್ದರು. ಎರಡನೆಯವರು ಎಕ್ಸ್‌ರೇ ತೆಗೆದು, ಇಂಜೆಕ್ಷನ್ನನ್ನು ಮುಂಗಾಲಿಗೇ ಕೊಟ್ಟರು. ಹಿಂಗಾಲಿನ ರಕ್ತ ಮೂತ್ರಪಿಂಡದ ಮೂಲಕ ಹೋಗುವ ದಾರಿ ಇದೆಯಂತೆ, ಔಷಧಿ ಅಲ್ಲೇ ಸೋರಿ ಹೋಗದಿರಲಿ ಅಂತ. ಅದನ್ನು ಕೇಳಿದ ಮೇಲೆ ಇವರಿಗೆ ಆಮೆ ಗೊತ್ತು ಅಂತ ನನಗೆ ಧೈರ್ಯ ಬಂತು.

ನನ್ನ ಆಮೆ ಕಣ್ಣು ತೆರೆದದ್ದು ಹದಿನೇಳನೇ ದಿನ. ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿದ್ದೆ. ಎಡ ರೆಪ್ಪೆ ಮಧ್ಯೆ ಕೂದಲೆಳೆಯಷ್ಟು ಸೀಳು ಬಿಟ್ಟಿತು, ಒಳಗೆ ಹಸಿರು ಮಿಶ್ರಿತ ಹಳದಿ, ಅದರ ನಡುವೆ ಅಡ್ಡಕ್ಕೆ ಕಪ್ಪು ಗೆರೆ. ನನ್ನ ಬೆರಳು ಕಂಡ ತಕ್ಷಣ ಕತ್ತು ಸರಕ್ಕನೆ ಒಳಗೆಳೆದುಕೊಂಡಿತು. ಅಷ್ಟು ದಿನದಲ್ಲಿ ಅದು ನನಗೆ ಹೆದರಿದ್ದು ಅದೇ ಮೊದಲು. ನನಗೋ ಕುಣಿಯೋಣ ಅನ್ನಿಸಿತ್ತು.

ಉತ್ತರ 3:
ಆ ಗುಳಿ ಚಿಪ್ಪು ಕೊಳೆತಿರೋದು. ಮೆತ್ತನೆಯ ಹಲ್ಲುಜ್ಜೋ ಬ್ರಷ್ಷಿನಲ್ಲಿ ಹಗುರಾಗಿ ತಿಕ್ಕಿ, ಪೊವಿಡೋನ್ ಅಯೋಡಿನ್ನನ್ನು (ಗಾಯಕ್ಕೆ ಹಚ್ಚೋ ಕಂದು ಔಷಧಿ) ನೀರು ಬೆರೆಸಿ ತಿಳಿ ಚಹಾದ ಬಣ್ಣಕ್ಕೆ ತೆಳು ಮಾಡಿ ಹಚ್ಚಿ, ಒಣಗಲು ಬಿಡಿ. ಗುಳಿ ಆಳಕ್ಕಿದ್ದರೆ, ರಕ್ತವೋ ಕೀವೋ ಕಂಡರೆ ನೀವು ಕೆರೆಯಬೇಡಿ, ಡಾಕ್ಟರೇ ಮಾಡಲಿ. ಚಿಪ್ಪಿಗೆ ಎಣ್ಣೆ ಹಚ್ಚಿ ಅನ್ನೋರು ಸಿಗ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ಮೇಲಿನ ತೆಳು ಹಾಳೆಗಳು ಏಳ್ತಾ ಇದ್ದರೆ ಕೀಳಬೇಡಿ, ಮೈ ಒಣಗ್ತಾ ಬಂದ ಹಾಗೆ ತಾವೇ ಬೀಳ್ತವೆ. ವಾಸಿಯಾಗುವವರೆಗೆ ಆಮೆಯನ್ನು ದಿನವಿಡೀ ನೀರಿಂದ ಹೊರಗೇ ಒಣ ಡಬ್ಬದಲ್ಲಿಡಿ.

ಉತ್ತರ 1ರವರು ಮತ್ತೆ:
ದಿನವಿಡೀ ಅನ್ನೋದು ಒಪ್ಪಲ್ಲ. ಗಟ್ಟಿಮುಟ್ಟಾದ ಆಮೆಗೆ ಸರಿ. ಇದು ಆಗಲೇ ಬತ್ತಿ ಕೂತಿದೆ. ಔಷಧಿ ಹಚ್ಚಿದ ಮೇಲೆ ಒಂದೆರಡು ಗಂಟೆ ಬೆಚ್ಚಗೆ ಒಣಗಿಸಿ ಮತ್ತೆ ನೀರಿಗೆ ಬಿಡಲಿ. ಇವು ನೀರಲ್ಲೇ ನುಂಗೋದು, ನೀರಿಲ್ಲದೆ ತುತ್ತು ಗಂಟಲಿಗೆ ಇಳಿಯಲ್ಲ.

ಉತ್ತರ 3ರವರು:
ಹೌದು, ಇದು ತಿನ್ನುತ್ತಿಲ್ಲ ಅನ್ನೋದು ನನ್ನ ಗಮನಕ್ಕೆ ಬರಲಿಲ್ಲ. ಅವರು ಹೇಳಿದ ಹಾಗೇ ಮಾಡಿ.

ಉತ್ತರ 4:
ಎರಡೇ ಮಾತು. ಮೂಗಿನಲ್ಲಿ ಗುಳ್ಳೆ, ಬಾಯಿ ಬಿಟ್ಟು ಉಸಿರು, ಈಜುವಾಗ ಒಂದು ಕಡೆ ವಾಲೋದು, ಇದರಲ್ಲಿ ಯಾವುದು ಕಂಡರೂ ಅದು ನ್ಯುಮೋನಿಯಾ ಇರಬಹುದು, ನಾಳೆ ಅನ್ನದೆ ಅವತ್ತೇ ಕರೆದುಕೊಂಡು ಹೋಗಿ. ಇನ್ನೊಂದು, ಆಮೆ ಮೈಮೇಲೆ ಸಾಲ್ಮೊನೆಲ್ಲಾ ಅನ್ನೋ, ಮನುಷ್ಯರಿಗೆ ವಾಂತಿಭೇದಿ ತರೋ ಬ್ಯಾಕ್ಟೀರಿಯಾ ಇರುತ್ತೆ. ಟಬ್ಬನ್ನು ಅಡುಗೆಮನೆ ಸಿಂಕಿನಲ್ಲಿ ತೊಳೆಯಬೇಡಿ, ಮುಟ್ಟಿದಾಗಲೆಲ್ಲ ಸೋಪು ಹಾಕಿ ಕೈ ತೊಳೀರಿ. ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರ ಕೈಗೆ ಕೊಡಲೇಬೇಡಿ.

ಕೇಳಿದವರು, ಮೂರು ವಾರದ ಮೇಲೆ:
ಎಲ್ಲರಿಗೂ ನಮಸ್ಕಾರ. ಡಾಕ್ಟ್ರು ವಿಟಮಿನ್ ಎ ಕೊರತೆಯೇ ಅಂದರು, ಇಂಜೆಕ್ಷನ್ ಅವರೇ ಕೊಡ್ತಿದ್ದಾರೆ. ಬಲಗಣ್ಣು ಪೂರ್ತಿ ತೆರೆದಿದೆ, ಎಡಗಣ್ಣು ಅರ್ಧ. ಗುಳಿಯ ವಾಸನೆ ಹೋಗಿದೆ. ಮೊನ್ನೆ ಎರೆಹುಳುವಿನ ತುಂಡು ಅಲ್ಲಾಡಿಸಿದಾಗ ಗಬಕ್ಕನೆ ಹಿಡಿಯಿತು, ನಿನ್ನೆ ಆಮೆಯ ಕಾಳೂ ನಾಲ್ಕು ತಿಂದಿತು. ಒಂದೇ ಚಿಂತೆ. ಹೋದ ವಾರ ತೂಕ 312 ಗ್ರಾಂ ಇತ್ತು, ಇವತ್ತು 309. ತಿನ್ನೋಕೆ ಶುರು ಮಾಡಿದ ಮೇಲೆ ಇಳಿಯೋದಾ?

ಉತ್ತರ 2ರವರು:
ಹೊಟ್ಟೆ ನಡೀತಿದೆ ಅಂತ ಅರ್ಥ. 3 ಗ್ರಾಂ ಅಂದ್ರೆ ಒಂದು ಸಲ ಕಕ್ಕ ಮಾಡಿದ್ದರ ತೂಕ! ವಾರಕ್ಕೊಮ್ಮೆ ಅದೇ ಹೊತ್ತಿಗೆ, ತಿನ್ನಿಸೋಕೆ ಮುಂಚೆ, ಮೈ ಒರೆಸಿ ತೂಗಿ. ಮೂರು ವಾರ ಸತತ ಇಳಿದರೆ ಡಾಕ್ಟರಿಗೆ ಹೇಳಿ. ಇನ್ನು ಕಾಳಿನ ಜೊತೆಗೆ ಗಾಢ ಹಸಿರು ಎಲೆ, ತುರಿದ ಕ್ಯಾರೆಟ್ ತೇಲಿಬಿಡಿ, ಪಾಲಕ್ ಬೇಡ, ಅದು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತೆ. ಮೊದಮೊದಲು ಎಲೆ ಮೂಸಿಯೂ ನೋಡಲ್ಲ. ನನ್ನದು ಮೂರು ತಿಂಗಳು ಅದನ್ನು ಕಾಲಲ್ಲಿ ತಳ್ಳಿಕೊಂಡೇ ಓಡಾಡ್ತಿತ್ತು.