ಉಸಿರು ನೋಡಲು ಕೂತರೆ ಉಸಿರೇ ಬಿಗಿಯಾಗುತ್ತದೆ, ಮಾಡಿದವರು ಹೇಳಿ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಕೆಲಸ ನನ್ನದು. ಸಂಜೆ ಹೊತ್ತಿಗೆ ಕುತ್ತಿಗೆ, ಹೆಗಲು ಬಿಗಿದುಕೊಂಡಿರುತ್ತವೆ, ಆದರೆ ಯಾವಾಗ ಬಿಗಿದುಕೊಂಡವು ಅಂತ ನನಗೆ ಗೊತ್ತೇ ಆಗಿರುವುದಿಲ್ಲ. ಉಸಿರಿನ ಧ್ಯಾನ ಮಾಡಿದರೆ ಮೈಯ ಕಡೆ ಗಮನ ಬರುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಈಗ ಬೆಳಿಗ್ಗೆ ಸ್ವಲ್ಪ ಹೊತ್ತು ಕೂರುತ್ತಿದ್ದೇನೆ. ಉಸಿರು ನೋಡಲು ಶುರು ಮಾಡಿದ ತಕ್ಷಣ ಅದು ತಾನಾಗಿ ಆಡುವುದು ನಿಂತು, ನಾನೇ ಎಳೆದು ಬಿಡುತ್ತಿದ್ದೇನೆ ಅನಿಸುತ್ತದೆ. ಕಾಲು ಜೋಮು ಹಿಡಿಯುತ್ತದೆ. ಮಾಡಿದವರು ಅನುಭವ ಹೇಳಿದರೆ ಉಪಕಾರ ಆಗುತ್ತದೆ.

ಉತ್ತರ:

ಇದು ಶುರುವಿನಲ್ಲಿ ತುಂಬಾ ಜನರಿಗೆ ಆಗುತ್ತದೆ, ಗಾಬರಿ ಬೇಡ. ಉಸಿರಾಟ ತಾನಾಗಿಯೂ ನಡೆಯುತ್ತದೆ, ಬೇಕೆಂದರೆ ನಾವೂ ನಡೆಸಬಹುದು. ಹೃದಯದ ಬಡಿತವನ್ನೋ ಊಟ ಅರಗುವುದನ್ನೋ ಹಾಗೆ ನೇರವಾಗಿ ನಡೆಸಲು ಆಗುವುದಿಲ್ಲ. ಹಾಗಾಗಿ ಗಮನ ಕೊಟ್ಟ ಕೂಡಲೇ ಮನಸ್ಸು ಉಸಿರಿನ ಕೆಲಸವನ್ನು ತಾನೇ ವಹಿಸಿಕೊಳ್ಳುತ್ತದೆ.

ನಾನು ಬೆಂಗಳೂರಿನ ಹತ್ತಿರ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಎಂಬ ಧ್ಯಾನ ಕೇಂದ್ರದಲ್ಲಿ 10 ದಿನದ ವಿಪಶ್ಯನಾ ಶಿಬಿರ ಮಾಡಿದ್ದೇನೆ. ಎಸ್.ಎನ್. ಗೋಯಂಕಾ ಅವರು ಬರ್ಮಾದ ತಮ್ಮ ಗುರು ಊ ಬಾ ಖಿನ್ ಅವರಿಂದ ಕಲಿತು 1969ರಲ್ಲಿ ಭಾರತಕ್ಕೆ ತಂದ ಕ್ರಮ ಇದು. ಮೊದಲ ಮೂರು ದಿನ ಆನಾಪಾನ ಮಾತ್ರ. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಅದನ್ನು ತಿಳಿಯುತ್ತಾ ಕೂರುವುದು. ಮಂತ್ರ ಸೇರಿಸುವ ಹಾಗಿಲ್ಲ, ದೇವರ ರೂಪ ನೆನೆಯುವ ಹಾಗಿಲ್ಲ. ದಿನ ಕಳೆದಂತೆ ಗಮನದ ಜಾಗ ಚಿಕ್ಕದಾಗುತ್ತಾ ಬಂದು, ಕೊನೆಗೆ ಮೂಗಿನ ಹೊಳ್ಳೆಯ ಕೆಳಗೆ, ಮೇಲ್ತುಟಿಯ ಮೇಲೆ ಇರುವ ಅಷ್ಟೇ ಅಷ್ಟು ಜಾಗದಲ್ಲಿ ನಿಲ್ಲುತ್ತದೆ. ನಾಲ್ಕನೇ ದಿನ ಅದೇ ಗಮನವನ್ನು ತಲೆಯಿಂದ ಪಾದದವರೆಗೆ ಮೈಯೆಲ್ಲಾ ಸಾಗಿಸುವುದನ್ನು ಕಲಿಸುತ್ತಾರೆ.

ಆ ಮೂರು ದಿನದಲ್ಲಿ ನನಗೆ ಏನಾಯಿತು ಅಂತ ಹೇಳುತ್ತೇನೆ, ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಅಲ್ಲೇ. ಮೊದಲು ಗೊತ್ತಾಗಿದ್ದು ಒಳಗೆ ಹೋಗುವ ಗಾಳಿ ತಣ್ಣಗೆ, ಹೊರಗೆ ಬರುವುದು ಬೆಚ್ಚಗೆ ಎಂಬುದು. ಆಮೇಲೆ ಒಂದು ಹೊಳ್ಳೆಯಲ್ಲಿ ಗಾಳಿ ಸರಾಗ, ಇನ್ನೊಂದರಲ್ಲಿ ಕಟ್ಟಿದ ಹಾಗೆ. ನೆಗಡಿ ಏನೂ ಇರಲಿಲ್ಲ. ಬಹಳ ಜನರಿಗೆ ಒಂದು ಹೊಳ್ಳೆಯ ಒಳಪದರ ಸ್ವಲ್ಪ ಊದಿಕೊಂಡು ಇನ್ನೊಂದರದ್ದು ಇಳಿದಿರುತ್ತದೆ, ಕೆಲವು ಗಂಟೆ ಕಳೆದ ಮೇಲೆ ಅದಲು ಬದಲಾಗುತ್ತದೆ. ಹುಟ್ಟಿದಾಗಿನಿಂದ ನಡೆಯುತ್ತಿದ್ದದ್ದು ನನಗೆ ಗೊತ್ತಾಗಿದ್ದು ಆಗ! ನಂತರ ತುಟಿಯ ಮೇಲೆ ಸಣ್ಣ ತುರಿಕೆ, ನಾಡಿ ಬಡಿದಂತೆ ಒಂದು ಮಿಡಿತ. ಆಮೇಲೆ, ನಾನು ಹುಡುಕದೇ ಇದ್ದರೂ, ಹೆಗಲಿಗೆ ಅಂಗಿ ತಾಗುತ್ತಿರುವುದು, ಕೂತ ಕಡೆ ಬಿಸಿ, ಎಡಗಡೆ ದವಡೆ ಬಿಗಿಹಿಡಿದಿರುವುದು. ಹಲ್ಲು ಕಚ್ಚಿಕೊಂಡೇ ಕೂತಿದ್ದೆ. ಗೊತ್ತಾದ ಕ್ಷಣಕ್ಕೆ ಅದು ತಾನೇ ಸಡಿಲವಾಯಿತು.

ಹಾಗಾಗಿ ನಾನು ಹೇಳುವುದು ಒಂದೇ. ಮೈಯನ್ನು ಹುಡುಕಿಕೊಂಡು ಹೋಗಬೇಡಿ. ಒಂದು ಚಿಕ್ಕ ಜಾಗ ಹಿಡಿದು, ಉಸಿರು ಅಲ್ಲಿ ತಾಗುವುದನ್ನು ಬಿಡದೆ ನೋಡಿ. ಮಿಕ್ಕ ಮೈ ತಾನಾಗಿ ಕಾಣಿಸಿಕೊಳ್ಳುತ್ತದೆ. ಪಾಳಿ ಭಾಷೆಯಲ್ಲಿರುವ ಬುದ್ಧನ ಹಳೆಯ ಉಪದೇಶ ಸತಿಪಟ್ಠಾನ ಸುತ್ತದಲ್ಲೂ ಉಸಿರಿನ ಗಮನವನ್ನು ಇಟ್ಟಿರುವುದು ಕಾಯವನ್ನು ನೋಡುವ ಭಾಗದಲ್ಲೇ. ಉದ್ದ ಉಸಿರು ಬಂದರೆ ಉದ್ದ ಎಂದು ತಿಳಿಯಬೇಕು, ಗಿಡ್ಡ ಬಂದರೆ ಗಿಡ್ಡ ಎಂದು ತಿಳಿಯಬೇಕು, ಅಷ್ಟೇ. ಗಿಡ್ಡದ್ದನ್ನು ಉದ್ದ ಮಾಡಿ ಅಂತ ಅಲ್ಲಿ ಹೇಳಿಲ್ಲ.

ಉಸಿರು ಬಿಗಿಯಾದರೆ ಬಿಗಿಯಾಗಿಯೇ ಇರಲಿ. ಎಲ್ಲಿ ಬಿಗಿ? ಗಂಟಲಲ್ಲೋ, ಎದೆಗೂಡಿನ ಮೇಲ್ಭಾಗದಲ್ಲೋ? ಅದನ್ನೇ ನೋಡಿ. ನನಗೆ ಇನ್ನೊಂದು ಉಪಾಯ ತುಂಬಾ ಕೆಲಸಕ್ಕೆ ಬಂತು. ಉಸಿರು ಪೂರ್ತಿ ಹೊರಗೆ ಹೋದ ಮೇಲೆ ಒಂದು ಚಿಕ್ಕ ಬಿಡುವು ಇರುತ್ತದೆ. ಅಲ್ಲಿ ಏನೂ ಮಾಡದೆ ಸುಮ್ನೆ ಇರಿ. ಉಸಿರನ್ನು ತಡೆಯುವುದೂ ಬೇಡ, ಎಳೆಯುವುದೂ ಬೇಡ. ಮುಂದಿನ ಉಸಿರು ತಾನೇ ಬರುತ್ತದೆ. ಅದು ಬರುವುದನ್ನು ಕೆಲವು ಸಲ ಕಂಡರೆ, ನಾನು ನಡೆಸದಿದ್ದರೂ ಇದು ನಡೆಯುತ್ತದೆ ಎಂಬ ಧೈರ್ಯ ಬರುತ್ತದೆ.

ನಿಮ್ಮ ಹಾಗೆ ನನ್ನದೂ ಕೂರುವ ಕೆಲಸವೇ. ಈಗ ಗೊತ್ತಾಗುತ್ತಿದೆ, ಕಷ್ಟದ ಈಮೇಲ್ ಓದುವಾಗ ನಾನು ಉಸಿರು ಹಿಡಿದಿರುತ್ತೇನೆ, ಹೆಗಲು ಕಿವಿಯ ಕಡೆ ಏರಿರುತ್ತದೆ. ಸಂಜೆವರೆಗೆ ಕಾಯದೆ ಆಗಲೇ ಗೊತ್ತಾಗುವುದು ನನಗೆ ದೊಡ್ಡ ಲಾಭ.

ಮತ್ತೊಂದು ಉತ್ತರ:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ನಾನು ಮೊದಲಿನಿಂದ ಪ್ರಾಣಾಯಾಮ ಮಾಡುವವಳು, ಹಾಗಾಗಿ ಒಂದು ಮಾತು ಸೇರಿಸುತ್ತೇನೆ. ನೀವು ಎಲ್ಲಾದರೂ ನಾಡಿಶೋಧನ, ಕುಂಭಕ ಕಲಿತಿದ್ದರೆ ಆ ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಅಲ್ಲಿ ಎಣಿಸಿ, ತಡೆದು, ಉಸಿರನ್ನು ಬದಲಿಸುತ್ತೇವೆ. ಇಲ್ಲಿ ಬದಲಿಸುವುದೇ ಇಲ್ಲ. ಎರಡೂ ಒಳ್ಳೆಯದೇ, ಆದರೆ ಒಂದೇ ಹೊತ್ತಿನಲ್ಲಿ ಕಲೆಸಬೇಡಿ.

ಮೂಗಿನ ಹತ್ತಿರ ಗಮನ ಇಟ್ಟರೆ ನನಗೆ ತಲೆ ಭಾರ ಆಗುತ್ತಿತ್ತು. ಹೊಟ್ಟೆ ಹಿಡಿದೆ. ಬರ್ಮಾದ ಬೌದ್ಧ ಭಿಕ್ಷು ಮಹಾಸಿ ಸಯಾಡೋ ಅವರ ಕ್ರಮದಲ್ಲಿ ಹೊಟ್ಟೆ ಏರುವುದು, ಇಳಿಯುವುದನ್ನೇ ನೋಡುತ್ತಾರೆ. ಮೊದಲು ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಹೊಕ್ಕುಳ ಮೇಲೆ ಕೈ ಇಟ್ಟುಕೊಳ್ಳಿ. ಉಸಿರು ಒಳಗೆ ಬರುವಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಕೆಳಗೆ ಇಳಿದು ಹೊಟ್ಟೆಯನ್ನು ಮುಂದೆ ತಳ್ಳುತ್ತದೆ, ಅದು ಕೈಗೆ ಗೊತ್ತಾಗುತ್ತದೆ. ಸ್ವಲ್ಪ ದಿನ ಆದ ಮೇಲೆ ಪಕ್ಕೆಗಳು ಅಗಲವಾಗುವುದು, ಬೆನ್ನಿನ ಕೆಳಭಾಗ ಚಾಪೆಗೆ ಒತ್ತುವುದು ಎಲ್ಲಾ ತಿಳಿಯುತ್ತದೆ. ಬೆನ್ನಿನಲ್ಲೂ ಉಸಿರಾಟ ಇದೆ ಅಂತ ನನಗೆ ತಿಳಿದ ದಿನ ನಿಜವಾಗಿ ಖುಷಿಯಾಯಿತು. ತೂಕಡಿಕೆ ಬಂದರೆ ಎದ್ದು ಕೂರಿ.

ಕಾಲು ಜೋಮು ಹಿಡಿಯುವುದು ನರ ಒತ್ತಿದ್ದರಿಂದ. ಚಕ್ಕಂಬಕ್ಕಳ ಹಾಕಿ ಬರೀ ನೆಲದ ಮೇಲೆ ಕೂರಬೇಡಿ. ಕಂಬಳಿ ಮಡಚಿ ಅಂಡಿನ ಕೆಳಗೆ ಇಟ್ಟುಕೊಂಡರೆ ಸೊಂಟ ಮೇಲೆದ್ದು ಮಂಡಿ ಕೆಳಗೆ ಬರುತ್ತದೆ, ಬೆನ್ನು ತಾನೇ ನೆಟ್ಟಗಾಗುತ್ತದೆ. ಕುರ್ಚಿಯೂ ಸರಿ, ನಮ್ಮ ಅತ್ತೆಯವರು ಕುರ್ಚಿಯಲ್ಲೇ ಕೂರುತ್ತಾರೆ. ಎದ್ದು ಓಡಾಡಿದ ಮೇಲೂ ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಇನ್ನೊಬ್ಬರು:

ನನ್ನ ಅನುಭವ ಬೇರೆ, ಅದನ್ನೂ ಯಾರಾದರೂ ಹೇಳಲೇಬೇಕು. ನನಗೆ ಪ್ಯಾನಿಕ್ ಅಟ್ಯಾಕ್ ಬರುತ್ತಿತ್ತು. ಉಸಿರಿನ ಮೇಲೆ ಗಮನ ಇಟ್ಟರೆ ಎದೆ ಬಡಿತ ಜಾಸ್ತಿಯಾಗಿ, ಉಸಿರು ಸಾಲದು ಎಂಬ ಭಯ ಏರುತ್ತಿತ್ತು. ಅಂಥ ಹೊತ್ತಿನಲ್ಲಿ ತಡೆದುಕೊಂಡು ಕೂರಬೇಡಿ. ಕಣ್ಣು ಬಿಡಿ. ಅಂಗಾಲು ನೆಲಕ್ಕೆ ತಾಗಿರುವುದನ್ನು, ತೊಡೆಯ ಮೇಲಿನ ಅಂಗೈಯನ್ನು, ಫ್ಯಾನಿನ ಸದ್ದನ್ನು ಗಮನಿಸಿ. ಅದೂ ಮೈಯ ಅರಿವೇ, ಉಸಿರೊಂದೇ ದಾರಿ ಅಲ್ಲ. ನಾನು ಬಹಳ ಕಾಲ ಅಂಗಾಲಿನಲ್ಲೇ ಇದ್ದೆ. ಈಗ ಉಸಿರಿಗೆ ಬಂದಿದ್ದೇನೆ, ಸ್ವಲ್ಪ ಹೊತ್ತು ಇದ್ದು ಮತ್ತೆ ಅಂಗಾಲಿಗೆ ಹೋಗುತ್ತೇನೆ. ಚಿಕಿತ್ಸೆಯಲ್ಲಿ ಇರುವವರು ಮೊದಲು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ, ಧ್ಯಾನ ನಂಬಿಕೊಂಡು ಮಾತ್ರೆ ಬಿಡಬೇಡಿ. ದೊಡ್ಡ ಶಿಬಿರದ ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳಿರುತ್ತಾರೆ, ಮುಚ್ಚಿಡದೆ ಬರೆಯಿರಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಲಗಿ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದೆ, ನನಗೆ ಇದೇ ಸುಲಭ ಅನಿಸಿತು. ಎಳೆಯುವುದು ಇನ್ನೂ ಪೂರ್ತಿ ಹೋಗಿಲ್ಲ, ಆದರೆ ಎಳೆಯುವಾಗ ಹುಬ್ಬಿನ ನಡುವೆ ಬಿಗಿ ಹಿಡಿಯುತ್ತೇನೆ ಅಂತ ಗೊತ್ತಾಯಿತು. ಇದಕ್ಕೆ ಶಿಬಿರಕ್ಕೆ ಹೋಗಲೇಬೇಕಾ?

ಮೊದಲು ಉತ್ತರಿಸಿದವರು:

ಹುಬ್ಬಿನ ಬಿಗಿ ಕಂಡಿತಲ್ಲಾ, ಕೇಳಿ ಸಂತೋಷವಾಯಿತು. ಶಿಬಿರಕ್ಕೆ ಹೋಗಲೇಬೇಕು ಅಂತ ಏನಿಲ್ಲ, ಮನೆಯಲ್ಲೇ ಮುಂದುವರಿಸಿ. ಮುಂದೆ ಮನಸ್ಸಾದರೆ ಹೋಗಿ. ಊಟ, ವಸತಿ ಸೇರಿ ಶುಲ್ಕ ಇಲ್ಲ, ಹಿಂದೆ ಶಿಬಿರ ಮಾಡಿದವರು ಕೊಟ್ಟ ದಾನದಿಂದ ನಡೆಯುತ್ತದೆ. ಬೆಳಗಿನ ಜಾವ 4ಕ್ಕೆ ಏಳಬೇಕು, ಫೋನ್ ಕೊಟ್ಟುಬಿಡಬೇಕು, ಜೊತೆಯವರ ಹತ್ತಿರ ಮಾತಿಲ್ಲ. ನಾಲ್ಕನೇ ದಿನದಿಂದ ಕೆಲವು ಬೈಠಕ್‌ಗಳಲ್ಲಿ ಒಂದು ಗಂಟೆ ಅಲುಗಾಡದೆ ಕೂರಲು ಹೇಳುತ್ತಾರೆ, ಹಾಗಾಗಿ ಹೋಗುವ ಮೊದಲು ನಿಮ್ಮ ಕಾಲಿಗೆ ಹೊಂದುವ ಆಸನ ಯಾವುದು ಅಂತ ನೋಡಿಕೊಳ್ಳಿ. ಬೆನ್ನು, ಮಂಡಿ ತೊಂದರೆ ಇದ್ದರೆ ಕುರ್ಚಿ ಕೇಳಬಹುದು. ಒಂದು ದಿನ ಮುಂಚೆ ಹೋಗಿ ಸೇರಿಕೊಳ್ಳಬೇಕು, ಮುಗಿಯುವುದು 11ನೇ ದಿನ ಬೆಳಿಗ್ಗೆ, ಆಫೀಸಿಗೆ ರಜೆ ಹಾಕುವಾಗ ಅದನ್ನು ಲೆಕ್ಕಕ್ಕೆ ತಗೊಳ್ಳಿ.